ತುಂಬಿದ ತೊಟ್ಟಿ, ಬಿಚ್ಚಿದ ಹಗ್ಗ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿಗೆ ದಿನಾ ಬೆಳಗ್ಗೆ ಹಾಲು ಬರುವುದು ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಆನೇಕಲ್, ಕನಕಪುರ ಕಡೆಯ ಸಣ್ಣ ಸಣ್ಣ ಕೊಟ್ಟಿಗೆಗಳಿಂದ. ಎರಡೋ ಮೂರೋ ಸೀಮೆಹಸು ಇರುತ್ತವೆ. ಮೇವು, ಸಗಣಿ, ಹಾಲು ಕರೆಯುವುದು, ಎಲ್ಲ ಹೆಚ್ಚಾಗಿ ಮನೆಯ ಹೆಂಗಸರದೇ ಕೆಲಸ. ಪ್ರಾಣಿ ಹಿಂಸೆ ಅಂದ ಕೂಡಲೇ ನಮಗೆ ಬಾರುಕೋಲಿನ ಏಟು, ಲಾರಿಯಲ್ಲಿ ತುರುಕಿದ ದನಗಳು ನೆನಪಾಗುತ್ತವೆ. ಇವತ್ತು ನಾನು ಮಾತಾಡುವುದು ಸುಲಭವಾಗಿ ಕಣ್ಣಿಗೆ ಬೀಳದ ಕಷ್ಟದ ಬಗ್ಗೆ. ಅದು ಬಾಯಾರಿಕೆ.

ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಚೆನ್ನಾಗಿ ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಎಷ್ಟೋ ಕಡೆ ಅದಕ್ಕೆ ಸಿಗುವುದು ಬೆಳಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್. ನಡುವೆ ಬಾಯಾರಿದರೆ? ಕುತ್ತಿಗೆಯಲ್ಲಿ ಗಿಡ್ಡ ಹಗ್ಗ, ತಲೆ ಮೇಲೆ ಕಾದ ಶೀಟು. ಈ ಹಸುವಿನಲ್ಲಿ ಬೆರೆತ ಸೀಮೆತಳಿಯ ಮೂಲ ಹೆಚ್ಚಾಗಿ ಹಾಲೆಂಡಿನ ತಂಪು ನಾಡು. ಬಿಸಿಲು 25 ಡಿಗ್ರಿ ದಾಟಿತೆಂದರೆ ಅದಕ್ಕೆ ಸಂಕಟ ಶುರು. ಮೇವು ಅರಗುವಾಗ ಹೊಟ್ಟೆಯೊಳಗೂ ಒಲೆ ಉರಿದ ಹಾಗೆ ಶಾಖ ಹುಟ್ಟುತ್ತದೆ. ಹಾಗಾಗಿ ಅದು ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ, ಹಾಲು ಇಳಿಯುತ್ತದೆ. ಆಗ ನಾವು ಹಿಂಡಿ ಸರಿಯಿಲ್ಲ ಅಂತೇವೆ.

ಮಲಗುವ ಜಾಗದ ಮಾತೂ ಇದೆ. ಹಸು ದಿನಕ್ಕೆ 10–12 ಗಂಟೆ ಮಲಗಬೇಕು. ಮಲಗಿ ಮೆಲುಕು ಹಾಕುವಾಗ ಕೆಚ್ಚಲಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಒದ್ದೆ ಸಿಮೆಂಟಿನ ಮೇಲೆ ಅದು ಹೇಗೆ ಮಲಗೀತು? ಮಲಗಿದರೆ ಮಂಡಿ ತರಚುತ್ತದೆ, ಕೆಚ್ಚಲು ಬಾವು ಬರುತ್ತದೆ. ರಬ್ಬರ್ ಮ್ಯಾಟಿಗೆ ದುಡ್ಡಿಲ್ಲದಿದ್ದರೆ ಹಸು ತಿಂದುಳಿದ ಒಣ ಹುಲ್ಲು ಹಾಸಿದರೂ ಸಾಕು. ಇನ್ನೂ ಒಳ್ಳೆಯದು, ಕೊಟ್ಟಿಗೆ ಪಕ್ಕ ನೆರಳಿರುವ ಜಾಗಕ್ಕೆ ಬೇಲಿ ಕಟ್ಟಿ ಹಗ್ಗ ಬಿಚ್ಚುವುದು. ಒಳಗೊಂದು ತೊಟ್ಟಿ ಇಟ್ಟರೆ ಬೇಕಾದಾಗ ಕುಡಿಯುತ್ತದೆ, ಬೇಕಾದಲ್ಲಿ ಮಲಗುತ್ತದೆ.

ಕರುವಿನ ಬಗ್ಗೆ ಒಂದೇ ಮಾತು. ಗಿಣ್ಣು ನಮಗೆಲ್ಲ ಇಷ್ಟ, ಅಲ್ವಾ? ಆದರೆ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣುಹಾಲು ಕರುವಿನ ಹೊಟ್ಟೆಗೆ ಹೋಗಬೇಕು. ಹೋರಿ ಕರುವಾದರೂ ಸರಿಯೇ. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಅದರಿಂದಲೇ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಷ್ಟು ನೀರು, ಮೇವು ಕೊಡದಿರುವುದು ಅಪರಾಧ. ತೀರಾ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಅಪರಾಧವೇ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಆದರೆ ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಸಿಗದ ಊರಲ್ಲಿ, ತನ್ನ ಮನೆಗೇ ಕೊಡ ಹೊತ್ತು ನೀರು ತರುವ ತಾಯಿಗೆ ದಂಡ ಹಾಕಿ ಏನು ಬಂತು? ಆಕೆಗೆ ಹಸುವಿನ ಮೇಲೆ ಪ್ರೀತಿ ಕಮ್ಮಿಯೇನಿಲ್ಲ. ಕಮ್ಮಿ ಇರುವುದು ನೀರು, ಜಾಗ, ಕೈಯಲ್ಲಿ ಕಾಸು.

ಹಸು ಕೊಳ್ಳಲು ಬ್ಯಾಂಕು ಸಾಲ ಕೊಡುತ್ತದೆ. ಅದೇ ಸಾಲದಲ್ಲಿ ನೀರಿನ ತೊಟ್ಟಿ, ನೆರಳಿನ ಚಪ್ಪರ, ಬೇಲಿ, ಇವಕ್ಕೂ ಹಣ ಸೇರಲಿ. ಡೇರಿಯಲ್ಲಿ ಹಾಲಿನ ಕೊಬ್ಬು ನೋಡಿ ದರ ಕಟ್ಟುವ ಹಾಗೆ, ಹಗ್ಗ ಬಿಚ್ಚಿ ಸಾಕುವ ಮನೆಗೆ ಲೀಟರಿಗೆ ಇಷ್ಟು ಅಂತ ಹೆಚ್ಚು ಕೊಡಲಿ. ಆ ಹೆಚ್ಚಿನ ಕಾಸನ್ನು ಬೆಂಗಳೂರಿನಲ್ಲಿ ಹಾಲು ಕುಡಿಯುವ ನಾವು ಕೊಡೋಣ.