ಬರೀ ‘ಯಸ್’ ಸಾಲದು

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ ಕುಳಿತು ಲ್ಯಾಪ್‌ಟಾಪ್ ಮೂಲಕ ಫ್ರಾನ್ಸಿನವರಿಗೆ ಇಂಗ್ಲಿಷ್ ಹೇಳಿಕೊಡುವ ತರುಣ ಶಿಕ್ಷಕರು ನಮ್ಮಲ್ಲಿದ್ದಾರೆ. ಅಲ್ಲಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅದಕ್ಕೆ ಹೊಂದಿಕೊಂಡು ರಾತ್ರಿಯೂಟ ತಡಮಾಡುವ ಆ ಶಿಕ್ಷಕರಿಗಾಗಿಯೇ ಈ ಮಾತು. ಲಿಯೋನ್ ನಗರದಲ್ಲಿ ಬಹಳ ಕಾಲ ಇದೇ ಪಾಠ ಮಾಡಿದವಳು ನಾನು. ಹೇಳಬೇಕಾದದ್ದು ಒಂದೇ: ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ‘ಡು’, ‘ಹ್ಯಾವ್’, ‘ಆರ್’ ಇಂಥ ಸಹಾಯಕ ಕ್ರಿಯಾಪದ ಮುಂದೆ ಬರಬೇಕು, ಉತ್ತರಿಸುವಾಗ ಅದೇ ಮರಳಿ ಬರಬೇಕು.

ಫ್ರೆಂಚಿನಲ್ಲಿ ಈ ತೊಂದರೆಯೇ ಇಲ್ಲ. ‘ತ್ಯು ಅಬಿತ್ ಇಸಿ’ ಎಂದರೆ ‘ನೀನು ಇಲ್ಲಿ ವಾಸಿಸುತ್ತೀಯೆ’ ಎಂಬ ಹೇಳಿಕೆ. ಕೊನೆಯಲ್ಲಿ ದನಿ ಏರಿಸಿದರೆ ಅದೇ ಪ್ರಶ್ನೆ. ಬೇಕಿದ್ದರೆ ಮೊದಲಿಗೆ ‘ಎಸ್ ಕ’ ಸೇರಿಸುತ್ತಾರೆ. ಇನ್ನೂ ಗಂಭೀರವಾಗಬೇಕಿದ್ದರೆ ಕ್ರಿಯಾಪದವನ್ನೇ ಮುಂದಕ್ಕೆ ತಂದು ‘ಅಬಿತ್ ತ್ಯು ಇಸಿ’ ಎನ್ನುತ್ತಾರೆ. ಇಂಗ್ಲಿಷಿನ ‘ಡು’ ಅವರಿಗೆ ಎಲ್ಲಿಂದ ಹೊಳೆಯಬೇಕು? ‘ಯು ಲಿವ್ ಹಿಯರ್?’ ಎಂದು ದನಿ ಏರಿಸಿ ಸುಮ್ಮನಾಗುತ್ತಾರೆ. ಕೆಲವರು ‘ಲಿವ್ ಯು ಹಿಯರ್?’ ಎಂದೂ ಕೇಳುತ್ತಾರೆ. ಷೇಕ್ಸ್‌ಪಿಯರ್‌ನ ಕಾಲದಲ್ಲಿ ಅದು ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ‘ಡು ಯು ಲಿವ್ ಹಿಯರ್?’ ಎಂದೇ ಕೇಳಿಸಿ. ಉತ್ತರ ‘ಯಸ್’ ಅಲ್ಲ, ‘ಯಸ್, ಐ ಡು’.

ಇಷ್ಟು ಹಟವೇಕೆ ಎಂದರೆ ನನ್ನ ಒಬ್ಬ ವಿದ್ಯಾರ್ಥಿಯ ಕಥೆ ಹೇಳಬೇಕು. ಆತ ಲಿಯೋನಿನ ಬಾಣಸಿಗ. ಹೋಟೆಲುಗಳ ಅಡುಗೆಮನೆಯಲ್ಲೇ ಕೂದಲು ನೆರೆತಿತ್ತು. ಲಂಡನ್ನಿನಲ್ಲಿ ಕೆಲಸಕ್ಕೆ ಸಂದರ್ಶನವಿತ್ತು. ಎದುರಿಗೆ ಕುಳಿತ ಮ್ಯಾನೇಜರ್ ನಮ್ಮ ಉಡುಪಿ ಕಡೆಯವರು. ಅರ್ಜಿ ತಿರುವಿಹಾಕುತ್ತಾ ಅವರು ‘ಹ್ಯಾವನ್ಟ್ ಯು ವರ್ಕ್ಡ್ ಇನ್ ಎ ಹೋಟೆಲ್?’ ಎಂದರು. ನೀವು ಹೋಟೆಲಿನಲ್ಲಿ ಕೆಲಸ ಮಾಡಿಲ್ಲವೇ ಎಂದರ್ಥ. ಇಲ್ಲಿ ಗಮನಿಸಿ. ‘ಇಲ್ಲವೇ’ ಎಂದು ಕೇಳಿದವರಿಗೆ ‘ಇದೆ’ ಎಂದು ಎದುರು ಹೇಳಲು ಫ್ರೆಂಚಿನಲ್ಲಿ ‘ಸಿ’ ಎಂಬ ಬೇರೆಯೇ ಮಾತಿದೆ. ಇಂಗ್ಲಿಷಿನಲ್ಲಿ ಅಂಥದ್ದು ಇಲ್ಲವಲ್ಲ, ಆತ ಎದೆಯುಬ್ಬಿಸಿ ‘ಯಸ್’ ಎಂದ. ಕನ್ನಡದ ಕಿವಿಗೆ ಅದು ಹೇಗೆ ಕೇಳಿಸಿತು? ‘ಹೌದು, ಮಾಡಿಲ್ಲ’! ಅರ್ಜಿಯಲ್ಲಿ ಅಷ್ಟುದ್ದದ ಹೋಟೆಲ್ ಅನುಭವ, ಬಾಯಲ್ಲಿ ಮಾಡಿಲ್ಲವೆಂಬ ಒಪ್ಪಿಗೆ. ಮ್ಯಾನೇಜರ್ ಮುಖ ಗಂಟಿಕ್ಕಿ ‘ಹಾಗಾದರೆ ಇದನ್ನೆಲ್ಲ ಏಕೆ ಬರೆದಿರಿ?’ ಎಂದು ಕೇಳಿದರು. ಇವನು ಅವಮಾನವಾಯಿತೆಂದು ಕೆಂಪಾದ. ಫ್ರಾನ್ಸಿನಲ್ಲಿ ಕೆಲಸ ಬಿಡುವಾಗ ಮಾಲೀಕರು ಪ್ರಮಾಣಪತ್ರ ಕೊಡಲೇಬೇಕೆಂಬ ಕಾನೂನಿದೆ. ಪುಣ್ಯಕ್ಕೆ ಆ ಕಾಗದಗಳು ಚೀಲದಲ್ಲಿದ್ದವು. ಒಂದೊಂದನ್ನೇ ಮೇಜಿನ ಮೇಲೆ ಹರಡಿದ ಮೇಲೆ ಜಗಳ ನಗೆಯಾಯಿತು. ಕೆಲಸವೂ ಸಿಕ್ಕಿತು. ‘ಯಸ್, ಐ ಹ್ಯಾವ್’ ಎಂದಿದ್ದರೆ ಕಾಗದ ಯಾವುದೂ ಬೇಕಿರಲಿಲ್ಲ. ಪ್ರಶ್ನೆಯಲ್ಲಿ ‘ಹ್ಯಾವ್’ ಬಂದಿತ್ತು, ಉತ್ತರದಲ್ಲಿ ಅದೇ ಮರಳಬೇಕಿತ್ತು.

ಆದ್ದರಿಂದ ಶಿಕ್ಷಕರೇ, ನೀವೂ ಜಾಗ್ರತೆ. ವಿದ್ಯಾರ್ಥಿ ಬರೀ ‘ಯಸ್’ ಎಂದಾಗ ಅವನ ಮನಸ್ಸಿನಲ್ಲಿ ಫ್ರೆಂಚಿದೆ, ನಿಮ್ಮ ಕಿವಿಯಲ್ಲಿ ಕನ್ನಡವಿದೆ. ಇಂಗ್ಲಿಷ್ ಇಬ್ಬರಲ್ಲೂ ಇಲ್ಲ.

ಕಥೆಯೇ ಸಮಯ ತಿಂದಿತು, ಉಳಿದದ್ದು ಬೇಗ ಹೇಳುತ್ತೇನೆ. ವಯಸ್ಸು ಕೇಳಿದರೆ ಅವರು ‘ಐ ಹ್ಯಾವ್ ಥರ್ಟಿ ಇಯರ್ಸ್’ ಎನ್ನುತ್ತಾರೆ. ಫ್ರೆಂಚಿನಲ್ಲಿ ವಯಸ್ಸು ನಮ್ಮ ಬಳಿ ‘ಇರುವ’ ವಸ್ತು. ‘ಹೌ ಓಲ್ಡ್ ಆರ್ ಯು’ ಎಂದು ‘ಆರ್’ ಹಾಕಿ ಕೇಳಿದ್ದೀರಿ, ‘ಐ ಆ್ಯಮ್’ ಎಂದೇ ಉತ್ತರ ಬರಲಿ. ಕೇಳಿಸದಿದ್ದಾಗ ‘ಹೌ?’ ಎನ್ನುತ್ತಾರೆ, ‘ಹೇಗೆ’ ಎಂಬರ್ಥದ ಅವರ ‘ಕೊಮಾಂ’ ನುಸುಳಿದ್ದು, ‘ಸಾರಿ?’ ಎನ್ನಲು ಕಲಿಸಿ. ‘ಎಷ್ಟು ವರ್ಷದಿಂದ ಇಲ್ಲಿದ್ದೀರಿ’ ಎಂಬಲ್ಲಿ ಅವರೂ ನಾವೂ ಒಂದೇ ರೀತಿ ಎಡವುತ್ತೇವೆ: ‘ಸಿನ್ಸ್ ಹೌ ಲಾಂಗ್’ ಬೇಡ, ‘ಹೌ ಲಾಂಗ್ ಹ್ಯಾವ್ ಯು ಲಿವ್ಡ್ ಹಿಯರ್’ ಸರಿ.

ಮತ್ತೊಂದು ಮಾತು, ಸ್ವಲ್ಪ ಖಾರವಾಗಿಯೇ. ಪಾಠದಲ್ಲಿ ಪ್ರಶ್ನೆಗಳನ್ನೆಲ್ಲ ನೀವೇ ಕೇಳುತ್ತೀರಿ. ಅವರು ಪ್ರಶ್ನಿಸಲು ಕಲಿಯುವುದು ಯಾವಾಗ? ನಾಳೆಯ ತರಗತಿಯ ಮೊದಲ ಹತ್ತು ನಿಮಿಷ ನೀವು ಉತ್ತರ ಮಾತ್ರ ಕೊಡಿ. ನಿಮ್ಮ ಊರು, ಊಟ, ಸಂಬಳ, ಏನು ಬೇಕಾದರೂ ಅವರು ಕೇಳಲಿ. ಸಹಾಯಕ ಕ್ರಿಯಾಪದ ಮುಂದೆ ಬಾರದ ಪ್ರಶ್ನೆಗೆ ಮಾತ್ರ ಬಾಯಿ ಬಿಡಬೇಡಿ. ನಮಸ್ಕಾರ.