ಹಡಗಿನಲ್ಲಿ ಒಂದು ರೂಮಾ, ಎರಡಾ? | 17ರ ಮಗಳ ಜೊತೆ ಕ್ರೂಸ್ ಪ್ಲಾನಿಂಗ್

ನಮಸ್ಕಾರ, ಬನ್ನಿ ಬನ್ನಿ. ಟೇಬಲ್ ಕಡೆ ಜಾಸ್ತಿ ಗಮನ ಕೊಡಬೇಡಿ. ಲ್ಯಾಪ್‌ಟಾಪ್, ಪಾಸ್‌ಪೋರ್ಟುಗಳು, ಆರಿ ಹೋದ ಕಾಫಿ. ಎಡಗಡೆ ಮೂಲೆಯಲ್ಲಿ ಒಂದು ಮೊಣಕೈ ಕಾಣುತ್ತಿದೆಯಲ್ಲ, ಅದು ನನ್ನ ಮಗಳು. ಅಷ್ಟು ತೋರಿಸಲು ಮಾತ್ರ ಪರ್ಮಿಷನ್ ಸಿಕ್ಕಿದೆ.

ಈ ಬೇಸಿಗೆ ರಜೆಗೆ ಕ್ರೂಸ್ ಅಂತ ಮನೆಯಲ್ಲಿ ತೀರ್ಮಾನ ಆಯಿತು. ತೀರ್ಮಾನ ಅಂದರೆ, ಇವರು ಪೇಪರ್‌ನಿಂದ ತಲೆ ಎತ್ತದೆ ಹೂಂ ಅಂದರು. ಚಿಕ್ಕವನಿಗೆ 10 ವರ್ಷ, ಅವನು ಕುಣಿದ. ದೊಡ್ಡವಳು "ವೈಫೈ ಇರುತ್ತಾ?" ಅಂದಳು. ಅವಳಿಗೆ 17. ದ್ವಿತೀಯ ಪಿಯು ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದಾಳೆ. ಓದುತ್ತಿದ್ದೇನೆ ಅಂತ ಅವಳೇ ಹೇಳುತ್ತಾಳೆ, ನಾನು ನಂಬುತ್ತೇನೆ.

ಮೊದಲು ನೋಡಿದ್ದು ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಕ್ರೂಸ್. ಅದರ ಎಂಪ್ರೆಸ್ ಹಡಗು 1990ರದ್ದು. ಹಿಂದೆ ರಾಯಲ್ ಕೆರಿಬಿಯನ್ ಕಂಪನಿ ಹತ್ತಿರ ಇದ್ದಾಗ ಅದರ ಮೊದಲ ಹೆಸರು ನಾರ್ಡಿಕ್ ಎಂಪ್ರೆಸ್. ಗೋವಾ, ಲಕ್ಷದ್ವೀಪದ ಕಡೆ ಹೋದರೆ ವೀಸಾ ತಲೆನೋವು ಇಲ್ಲ. ನಾನಂತೂ ಅದೇ ಸಾಕು ಅಂದಿದ್ದೆ. ಆದರೆ ಮಗಳಿಗೆ ಬಿಡುವು ಸಿಗುವುದು ಮೇ ಕೊನೆಗೆ. ಮುಂಗಾರು ಜೂನ್ 1ರ ಸುಮಾರಿಗೆ ಕೇರಳ ಮುಟ್ಟುತ್ತದೆ, ಆಗ ಅರಬ್ಬಿ ಸಮುದ್ರ ಸುಮ್ಮನಿರಲ್ಲ. ನಮ್ಮನೆಯವರಿಗೆ ಶಿರಾಡಿ ಘಾಟಿಯ ತಿರುವಿನಲ್ಲೇ ಹೊಟ್ಟೆ ತೊಳಸುತ್ತದೆ. ಅದಕ್ಕೇ ಸಿಂಗಾಪುರ. ಅಲ್ಲಿಂದ ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೋಗುವ ಹಡಗು ಮಲಕ್ಕಾ ಜಲಸಂಧಿಯಲ್ಲೇ ಸಾಗುತ್ತದೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ. ದೊಡ್ಡ ಅಲೆ ಬರುವುದಕ್ಕೆ ದಾರಿ ಕಡಿಮೆ.

ನನ್ನ ತವರು ಸುರತ್ಕಲ್ ಹತ್ತಿರ. ವಿಷಯ ಗೊತ್ತಾಗಿ ಅಮ್ಮ ಫೋನ್ ಮಾಡಿದರು. "ಪಣಂಬೂರಿಗೇ ಹಡಗು ಬರ್ತದಲ್ಲ, ಸಿಂಗಾಪುರ ಯಾಕೆ?" ಬರುತ್ತದೆ, ನಿಜ. ನವ ಮಂಗಳೂರು ಬಂದರಿಗೆ ಫಾರಿನರ್‌ಗಳನ್ನು ತುಂಬಿಕೊಂಡು ಬರುತ್ತದೆ. ಅವರು ಇಳಿದು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ವಾಪಸ್ ಹತ್ತುತ್ತಾರೆ. ನಡುವೆ ಹತ್ತಲು ನಮಗೆ ಆಗಲ್ಲಮ್ಮ ಅಂದೆ. "ಕೈ ತೋರಿಸಿದರೆ ಬಸ್ಸಾದರೂ ನಿಲ್ಲಿಸ್ತದೆ" ಅಂತ ಬೇಜಾರು ಮಾಡಿಕೊಂಡರು.

ಇದು ಎಂಟಿಆರ್. ಲಾಲ್‌ಬಾಗ್ ರಸ್ತೆಯದ್ದು. ಕ್ರೂಸ್ ವಿಡಿಯೋದಲ್ಲಿ ರವೆ ಇಡ್ಲಿ ಯಾಕೆ ಅಂದರೆ, ಇದಕ್ಕಿಂತ ಮುಂಚೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿದ್ದೆವು, ಅಲ್ಲಿ ಶೂಟ್ ಮಾಡಲು ಬಿಡಲ್ಲ. ದೊಡ್ಡ ಮಕ್ಕಳಿರುವವರು ಇದನ್ನು ಕೇಳಿಸಿಕೊಳ್ಳಿ. ಚಿಕ್ಕವರ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ನನ್ನ ಮಗಳದ್ದು ಆಗಸ್ಟ್‌ನಲ್ಲಿ, ಸರಿಯಾಗಿ ಹುಟ್ಟುಹಬ್ಬಕ್ಕೆ. ಸಿಂಗಾಪುರ, ಮಲೇಷ್ಯಾಕ್ಕೆ ಹೋಗಲು 6 ತಿಂಗಳಾದರೂ ಬಾಕಿ ಇರಬೇಕು. ಅಂದರೆ ಮೇ ತಿಂಗಳಲ್ಲಿ ಅದು ಇದ್ದೂ ಇಲ್ಲದ ಹಾಗೆ. 15 ದಾಟಿದವರು 18ರೊಳಗೇ ಬೇಕಾದರೆ ಪೂರ್ತಿ 10 ವರ್ಷದ್ದು ತೆಗೆದುಕೊಳ್ಳಬಹುದು, ನಾವು ಅದನ್ನೇ ಮಾಡಿಸಿದೆವು. ಫೀಸು 1,500. ಚಟ್ನಿಗೆ ಬರೋಣ... ಅಯ್ಯೋ, ಶಾಟ್ ಮುಗಿಯಿತು.

ಸರಿ, ಈಗ ಅಸಲಿ ಜಗಳ. ರೂಮು.

ಹಡಗಿನಲ್ಲಿ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಂದರೆ ಹೆಚ್ಚುಕಡಿಮೆ 160, 170 ಚದರ ಅಡಿ. ಸ್ಕ್ರೀನಿನ ಮೇಲೆ ನೋಡಿ, ಒಂದು ಡಬಲ್ ಬೆಡ್. ಮಿಕ್ಕ ಇಬ್ಬರಿಗೆ ರಾತ್ರಿ ಮೇಲಿಂದ ಇಳಿಸುವ ಬಂಕ್. ಒಂದು ಪುಟ್ಟ ಏಣಿ. ಒಂದೇ ಬಾತ್‌ರೂಮ್, ಅದರೊಳಗೆ ಒಬ್ಬರು ತಿರುಗಿದರೆ ಮೊಣಕೈ ಗೋಡೆಗೆ ತಾಗುತ್ತದೆ. ಚಿಕ್ಕ ಮಕ್ಕಳಿಗೆ ಬಂಕ್ ಅಂದರೆ ಹಬ್ಬ. ಚಿಕ್ಕವನು ಆಗಲೇ ಮೇಲಿನದ್ದು ನಂದು ಅಂತ ಹೇಳಿಬಿಟ್ಟಿದ್ದಾನೆ. ಆದರೆ 17ರ ಹುಡುಗಿ ಬಟ್ಟೆ ಬದಲಾಯಿಸುವುದು ಎಲ್ಲಿ, ತಲೆ ಒಣಗಿಸುವುದು ಎಲ್ಲಿ, ರಾತ್ರಿ 1 ಗಂಟೆಗೆ ಸ್ನೇಹಿತೆಯ ಜೊತೆ ಮಾತಾಡುವುದು ಎಲ್ಲಿ? ಅವಳು ಒಂದೇ ಮಾತು ಹೇಳಿದಳು. "ಅಮ್ಮಾ, ಅಪ್ಪ ಗೊರಕೆ ಹೊಡಿತಾರೆ. ನೀನು ಇಷ್ಟು ವರ್ಷದಿಂದ ಅಡ್ಜಸ್ಟ್ ಆಗಿದ್ದೀಯ. ನನಗೇನು ಗತಿ?" ನಮ್ಮನೆಯವರು ಪಕ್ಕದಲ್ಲೇ ಇದ್ದರು. ಪೇಪರ್ ಮಡಚಿಟ್ಟು ಒಳಗೆ ಹೋದರು.

ನಾಲ್ಕೂ ಜನ ಒಂದೇ ಕ್ಯಾಬಿನ್ ಅಂದರೆ ಟ್ರಾವೆಲ್ ಏಜೆಂಟ್ ಹೇಳಿದ್ದು 1,58,000. ಎರಡು ಕ್ಯಾಬಿನ್ ಅಂದರೆ 1,96,000. ಮೂರು ರಾತ್ರಿಗೆ, ವಿಮಾನ ಬಿಟ್ಟು. ಯಾಕೆ ಇಷ್ಟು ವ್ಯತ್ಯಾಸ? ಕ್ಯಾಬಿನ್ನಿನ ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೆಯವರು ನಾಲ್ಕನೆಯವರಿಗೆ ಕಡಿಮೆ. ಎರಡು ಕ್ಯಾಬಿನ್ ಮಾಡಿದ ಕೂಡಲೇ ನಾಲ್ಕೂ ಜನ "ಮೊದಲ ಇಬ್ಬರು" ಆಗಿಬಿಡುತ್ತಾರೆ. 38,000 ಕೊಟ್ಟು ಒಂದು ಬಾಗಿಲು ಕೊಂಡ ಹಾಗೆ. ನಾನು ಖಡಾಖಂಡಿತವಾಗಿ ಬೇಡ ಅಂದೆ. ಮೂರು ರಾತ್ರಿ ತಾನೇ, ಮದುವೆ ಮನೆಯಲ್ಲಿ ಹಾಲ್ ತುಂಬಾ ಚಾಪೆ ಹಾಸಿ ಮಲಗಿಲ್ವಾ ನಾವು?

ಅವತ್ತು ಸಂಜೆ ನಾಲ್ವರೂ ನಮ್ಮ ಬೆಡ್‌ರೂಮಿನಲ್ಲಿ ಎಸಿ ಹಾಕಿಕೊಂಡು ಒಂದು ಸಿನಿಮಾ ನೋಡಿದೆವು. ಸಿನಿಮಾ ಮುಗಿಯುವಷ್ಟರಲ್ಲಿ ಚಾರ್ಜರ್‌ಗೆ ಒಂದು ಜಗಳ, ದಿಂಬಿಗೆ ಒಂದು ಜಗಳ, ಯಾರ ಕಾಲು ಯಾರಿಗೆ ತಾಗಿತು ಅನ್ನುವುದಕ್ಕೆ ಇನ್ನೊಂದು. ನಾನು ಎದ್ದು ಹೋಗಿ ಏಜೆಂಟ್‌ಗೆ ವಾಟ್ಸಾಪ್ ಹಾಕಿದೆ. ಎರಡು ಕ್ಯಾಬಿನ್ನೇ ನೋಡಿ ಅಂತ.

ಇದರಲ್ಲೂ ಒಂದು ಕಿತಾಪತಿ ಇದೆ. ಮಕ್ಕಳಿಬ್ಬರ ಹೆಸರಲ್ಲೇ ಒಂದು ಕ್ಯಾಬಿನ್ ಬರೆಯಲು ಆಗಲ್ಲ, ಪ್ರತಿ ಕ್ಯಾಬಿನ್ನಿಗೂ ಒಬ್ಬರು ದೊಡ್ಡವರು ಬೇಕು. ಕಾಗದದ ಮೇಲೆ ನಾನು ಮತ್ತು ಮಗಳು ಒಂದರಲ್ಲಿ, ಅಪ್ಪ ಮಗ ಇನ್ನೊಂದರಲ್ಲಿ. ಹತ್ತಿದ ಮೇಲೆ ಕೌಂಟರಿನಲ್ಲಿ ಎರಡಕ್ಕೂ ಕೀ ಕೇಳಿಕೊಂಡು ನಮಗೆ ಬೇಕಾದ ಹಾಗೆ ಮಲಗಬಹುದು, ಎಲ್ಲರೂ ಹಾಗೇ ಮಾಡುತ್ತಾರೆ ಅಂತ ಏಜೆಂಟ್ ಹೇಳಿದರು. ನಡುವೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ ಸಿಕ್ಕರೆ ಒಳ್ಳೆಯದು. ಬಾಲ್ಕನಿ ಬೇಡ. ದುಡ್ಡು ಒಂದು ಕಾರಣ, ನನ್ನ ಚಿಕ್ಕವನು ಇನ್ನೊಂದು ಕಾರಣ. ಅವನು ಮನೆ ಟೆರೇಸಿನ ಗೋಡೆ ಹತ್ತುವವನು.

ದರ ಒಪ್ಪಿ ಕೊನೆಯ ಪುಟಕ್ಕೆ ಬಂದೆವು. ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ, ಸ್ಕ್ರೀನ್ ದೊಡ್ಡದು ಮಾಡಿದ್ದೇನೆ, ಓದಿಕೊಳ್ಳಿ. ಟಿಪ್ಸ್. ಕೊಡಬೇಕಾ ಅಂತ ಕೇಳುವುದಿಲ್ಲ, ಅವರೇ ಹಾಕಿಕೊಳ್ಳುತ್ತಾರೆ. ಒಬ್ಬರಿಗೆ ದಿನಕ್ಕೆ 18 ಡಾಲರ್. ನಾಲ್ಕು ಜನ, ಮೂರು ರಾತ್ರಿ, 216 ಡಾಲರ್. ನಮ್ಮ ದುಡ್ಡಲ್ಲಿ 18 ಸಾವಿರಕ್ಕೂ ಮೇಲೆ! ಊಟ ಸೇರಿದೆ ಅಂತೀರಿ, ಆಟ ಸೇರಿದೆ ಅಂತೀರಿ, ಆಮೇಲೆ ಈ ಕಡೆಯಿಂದ ಕಿತ್ತುಕೊಳ್ಳುತ್ತೀರಿ. 10 ವರ್ಷದ ಹುಡುಗನೂ ಟಿಪ್ಸ್ ಕೊಡಬೇಕಾ? ಅವನು ಮನೆಯಲ್ಲಿ ಹುಂಡಿಗೆ ಒಂದು ರೂಪಾಯಿ ಹಾಕಲು ನೂರು ಪ್ರಶ್ನೆ ಕೇಳುತ್ತಾನೆ. ಬಂದರು ಶುಲ್ಕ, ತೆರಿಗೆ ಬೇರೆ. ವಿದೇಶದ ಪ್ಯಾಕೇಜಿಗೆ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, ಟಿಸಿಎಸ್ ಬೇರೆ, ಅದು ಐಟಿ ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಬಿಡಿ. ಈ ಟಿಪ್ಸ್ ಮಾತ್ರ ನನಗೆ ಅರಗಲಿಲ್ಲ. ಹತ್ತಿದ ಮೇಲೆ ಕೌಂಟರಿಗೆ ಹೋಗಿ ತೆಗೆಸಿಬಿಡಬಹುದು ಅಂತ ಯಾರೋ ಹೇಳಿದ್ದರು. ತೆಗೆಸಿಬಿಡೋಣ ಅಂತ ಜೋರಾಗಿಯೇ ಹೇಳಿದೆ, ಆ ಕ್ಲಿಪ್ ಕೂಡ ಇದೆ.

ಆಮೇಲೆ ನನ್ನ ಚಿಕ್ಕಪ್ಪನ ಮಗ ನೆನಪಾದ. ನಮ್ಮ ಮಂಗಳೂರು, ಉಡುಪಿ ಕಡೆ ಹಡಗಿನ ಕೆಲಸಕ್ಕೆ ಹೋದವರು ಬಹಳ ಜನ. ಅವನೂ ಕ್ಯಾಬಿನ್ ಕ್ಲೀನ್ ಮಾಡುವ ಕೆಲಸದಲ್ಲಿದ್ದ. ತಿಂಗಳುಗಟ್ಟಲೆ ಕಾಂಟ್ರಾಕ್ಟ್, ವಾರದ ರಜೆ ಅನ್ನುವುದೇ ಇಲ್ಲ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಜನ ಇಳಿಯುವ ದಿನವಂತೂ ಕೆಲವೇ ಗಂಟೆಯಲ್ಲಿ ಎಲ್ಲ ಹಾಸಿಗೆ ಬದಲಾಯಿಸಿ ಮುಂದಿನವರಿಗೆ ರೆಡಿ ಮಾಡಬೇಕು. ಟವೆಲ್ ಮಡಚಿ ಆನೆ, ಕೋತಿ ಮಾಡುವುದನ್ನು ನಮ್ಮ ಮನೆಯ ಹಾಲಿನಲ್ಲಿ ಕೂತು ಮಕ್ಕಳಿಗೆ ತೋರಿಸಿದ್ದ. ಎರಡು ಕಡೆಯಿಂದ ಸುರುಳಿ ಸುತ್ತಿ, ಮಧ್ಯಕ್ಕೆ ಮಡಚಿ, ತುದಿ ಎಳೆದರೆ ಸೊಂಡಿಲು. ಫೋನ್ ಮಾಡಿ ಟಿಪ್ಸ್ ಬಗ್ಗೆ ಕೇಳಿದೆ. "ಅಕ್ಕ, ಸಂಬಳಕ್ಕಿಂತ ಅದನ್ನೇ ನಂಬಿಕೊಂಡು ಮನೆ ಕಟ್ಟಿಸಿದ್ದು ನಾನು. ತೆಗೆಸಬೇಡ" ಅಂದ. ಸರಿ, ತೆಗೆಸಲ್ಲ. ಆದರೂ ಅದನ್ನು ಮೊದಲ ಪುಟದಲ್ಲೇ ತೋರಿಸಿ ಸ್ವಾಮಿ, ಕೊನೆಯ ಪುಟಕ್ಕೆ ಯಾಕೆ ಬಚ್ಚಿಡುತ್ತೀರಿ?

ಇದು ಮಕ್ಕಳ ಕ್ಲಬ್ಬಿನ ಪುಟ. ಹೆಚ್ಚಿನ ಹಡಗುಗಳಲ್ಲಿ ಟೀನ್ ಕ್ಲಬ್ 17 ವರ್ಷದವರವರೆಗೆ ಮಾತ್ರ. ಹೊರಡುವ ದಿನ ಎಷ್ಟು ವಯಸ್ಸೋ ಅದೇ ಲೆಕ್ಕ. ಮೇನಲ್ಲಿ ಹೋದರೆ ನನ್ನ ಮಗಳು ಟೀನ್. ಸೆಪ್ಟೆಂಬರ್‌ನಲ್ಲಿ ಹೋದರೆ ದೊಡ್ಡವಳು, ಆ ಕ್ಲಬ್ಬಿನ ಒಳಗೆ ಬಿಡಲ್ಲ. ಏಷ್ಯಾದಿಂದ ಹೊರಡುವ ಕೆಲವು ಹಡಗುಗಳಲ್ಲಿ 18ಕ್ಕೆ ಬಾರ್‌ನಲ್ಲೂ ಕೊಡುತ್ತಾರೆ. ನಮ್ಮನೆಯವರು ಇದನ್ನು ಓದಿ "ಮೇ ತಿಂಗಳೇ ಒಳ್ಳೇದು" ಅಂದರು. ಮಗಳು ಟೀನ್ ಕ್ಲಬ್ಬಿನ ಫೋಟೋ ನೋಡಿ "ಇಲ್ಲಿರೋರೆಲ್ಲ ಹೈಸ್ಕೂಲ್ ಮಕ್ಕಳು" ಅಂದಳು. ಅವಳು ಹೈಸ್ಕೂಲ್ ಬಿಟ್ಟು ಎರಡು ವರ್ಷ ಆಗಿದೆ, ಯಾವುದೋ ಯುಗದ ಮಾತು ಹೇಳಿದ ಹಾಗೆ ಹೇಳುತ್ತಾಳೆ.

ಅವಳನ್ನು ಒಪ್ಪಿಸಿದ್ದು ಪೆನಾಂಗ್. ಅಲ್ಲಿನ ಜಾರ್ಜ್ ಟೌನ್ 2008ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಹಳೇ ಗೋಡೆಗಳ ಮೇಲೆ ಚಿತ್ರ ಬರೆದಿದ್ದಾರೆ, ಲಿಟಲ್ ಇಂಡಿಯಾ ಇದೆ. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್ ಊರಿಗೆ ಅಂಟಿಕೊಂಡೇ ಇದೆ, ಇಳಿದು ನಡೆದೇ ಹೋಗಬಹುದು. ಇನ್ನೊಂದು ಪ್ಯಾಕೇಜಿನಲ್ಲಿ ಕೌಲಾಲಂಪುರ ಅಂತ ಇತ್ತು. ಮೋಸ ಹೋಗಬೇಡಿ, ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ಅಲ್ಲಿಂದ ಪೆಟ್ರೋನಾಸ್ ಟವರ್‌ಗೆ ಬಸ್ಸಿನಲ್ಲಿ ಗಂಟೆಯ ಮೇಲೆ. ಹೋಗಿ ಬರುವುದರಲ್ಲೇ ದಿನ ಕಳೆಯುತ್ತದೆ. ಭಾರತದವರಿಗೆ ಮಲೇಷ್ಯಾ ವೀಸಾ ಸದ್ಯಕ್ಕೆ ಬೇಡ, ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿದರೆ ಆಯಿತು. ಸಿಂಗಾಪುರಕ್ಕೆ ಮಾತ್ರ ವೀಸಾ ಬೇಕೇ ಬೇಕು. ಹಡಗಿನಿಂದ ವಾಪಸ್ ಬಂದಾಗ ಮತ್ತೆ ಒಳಗೆ ಹೋಗಬೇಕಲ್ಲ, ಅದಕ್ಕೆ ಮಲ್ಟಿಪಲ್ ಎಂಟ್ರಿ ಇರಬೇಕು.

ಆ ವೀಸಾ ಫೋಟೋದ ಕಥೆ ಇದು. 35 ಇಂಟು 45 ಮಿಲಿಮೀಟರ್, ಬಿಳಿ ಹಿನ್ನೆಲೆ, ಈಚಿನ ಮೂರು ತಿಂಗಳ ಒಳಗೆ ತೆಗೆಸಿದ್ದು. ಗಾಂಧಿ ಬಜಾರಿನ ಸ್ಟುಡಿಯೋ. ಮಗಳು ಹಣೆ ಮೇಲೆ ಕೂದಲು ಬಿಟ್ಟುಕೊಂಡಿದ್ದಾಳೆ, ಹೊಸ ಕಟಿಂಗ್. ಸ್ಟುಡಿಯೋದವರು "ಹುಬ್ಬು ಕಾಣಬೇಕು ಪುಟ್ಟಾ" ಅಂತ ಕೂದಲು ಹಿಂದೆ ಮಾಡಿದರು. ಅವರು ಕ್ಯಾಮೆರಾ ಹತ್ತಿರ ಹೋಗುವಷ್ಟರಲ್ಲಿ ಅವಳು ಮುಂದೆ ಬಿಟ್ಟುಕೊಂಡಳು. ಮತ್ತೆ ಹಿಂದೆ, ಮತ್ತೆ ಮುಂದೆ. ಕೊನೆಗೆ ನನ್ನ ತಲೆಯಿಂದಲೇ ಎರಡು ಹೇರ್‌ಪಿನ್ ತೆಗೆದು ಚುಚ್ಚಿದೆ. ಫೋಟೋ ತೋರಿಸಬಾರದು ಅಂತ ಆಣೆ ಮಾಡಿಸಿಕೊಂಡಿದ್ದಾಳೆ.

ವೈಫೈ ವಿಷಯ ಮರೆತೆ. ಒಂದೊಂದು ಮೊಬೈಲಿಗೂ ದಿನದ ಲೆಕ್ಕದಲ್ಲಿ ದುಡ್ಡು. ರಜೆಯಲ್ಲಿ ಯಾರಿಗೂ ಬೇಡ, ಎಲ್ಲರ ಫೋನೂ ಏರೋಪ್ಲೇನ್ ಮೋಡ್ ಅಂತ ನಾನು ಆರ್ಡರ್ ಮಾಡಿದ್ದೆ. ಆ ಮೋಡ್ ಅಂತೂ ಹಾಕಲೇಬೇಕು, ಇಲ್ಲದಿದ್ದರೆ ಸಮುದ್ರದ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ ತಲೆ ತಿರುಗಿಸುತ್ತದೆ. ಆದರೆ 2025ರಲ್ಲಿ ಸಿಇಟಿ ಫಲಿತಾಂಶ ಮೇ 24ಕ್ಕೆ ಬಂದಿತ್ತು. ಈ ಸಲವೂ ಆಸುಪಾಸಿನಲ್ಲೇ ಬಂದರೆ ನಾವು ನೀರಿನ ಮೇಲೆ. ಇವರು ತಾರೀಕು ಬದಲಾಯಿಸೋಣ ಅಂದರು. ಮಗಳು ಬೇಡ ಅಂದಳು. "ಸಮುದ್ರದಲ್ಲೇ ನೋಡ್ತೀನಿ. ಅಲ್ಲಿಗೆ ಯಾವ ನೆಂಟರೂ ಫೋನ್ ಮಾಡಲ್ಲ." ಹಾಗಾಗಿ ಒಂದೇ ಒಂದು ವೈಫೈ ಪ್ಯಾಕ್, ಅವಳ ಫೋನಿಗೆ. ನಮ್ಮ ಮೂವರದ್ದೂ ಬಂದ್.

ಹಡಗಿಗೆ ಕೆಟಲ್, ಇಸ್ತ್ರಿ ಪೆಟ್ಟಿಗೆ ಬಿಡಲ್ಲ. ಅತ್ತೆಯವರು ಕೊಟ್ಟ ಚಟ್ನಿಪುಡಿ ಬಿಡುತ್ತಾರಾ ಅಂತ... ಒಂದು ನಿಮಿಷ, ಫೋನ್. ಏಜೆಂಟೇ. ಸ್ಪೀಕರ್ ಹಾಕುತ್ತೇನೆ, ನೀವೂ ಕೇಳಿ.

"ಮೇಡಂ, ಕನೆಕ್ಟಿಂಗ್ ಖಾಲಿ ಇಲ್ಲ. ಎದುರುಬದುರು ಎರಡು ಇದೆ, ಮಧ್ಯೆ ಬರೀ ಕಾರಿಡಾರ್. ಇವತ್ತು ಬ್ಲಾಕ್ ಮಾಡದಿದ್ರೆ ನಾಳೆ ರೇಟ್ ಹೇಳಕ್ಕಾಗಲ್ಲ."

ನಾನು ಯೋಚಿಸಿ ಹೇಳುತ್ತೇನೆ ಅನ್ನುವ ಮೊದಲೇ ಮೊಣಕೈ ಮಾತಾಡಿತು. "ಎದುರುಬದುರೇ ಬೆಟರ್. ಮಾಡಿಬಿಡಿ ಅಂಕಲ್." ಇವರು ಒಳಗಿನಿಂದ ಒಟಿಪಿ ಓದಿ ಹೇಳುತ್ತಿದ್ದಾರೆ. ಮುಂದಿನ ವಿಡಿಯೋ ಪ್ಯಾಕಿಂಗ್ ಬಗ್ಗೆ. ಒಟಿಪಿ ಟೈಮ್ ಮುಗಿಯೋದರೊಳಗೆ ಅದನ್ನು ಟೈಪ್ ಮಾಡಬೇಕು, ಕ್ಯಾಮೆರಾ ಆಫ್ ಮಾಡ್ತೀನಿ, ಬೈ.