ನೀವು ಸುಮ್ನೆ ಕೂತ್ಕೊಳ್ಳಿ

(ನಿವೃತ್ತ ನೌಕರರ ಸಂಘವೊಂದರ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಹತ್ತು ನಿಮಿಷದ ಹಿಂದೆ ನಾನು ಇಲ್ಲಿಗೆ ಬಂದಾಗ ಕುರ್ಚಿ ಸಾಲದೆ ಇಬ್ಬರು ಹುಡುಗರು ಪಕ್ಕದ ಕೋಣೆಯಿಂದ ತರುತ್ತಿದ್ದರು. ನಾನೂ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡೆ. ಒಬ್ಬ ಓಡಿ ಬಂದು ಕೈಯಿಂದ ತಗೊಂಡುಬಿಟ್ಟ. "ಬಿಡಿ ಮೇಡಂ, ನೀವು ಸುಮ್ನೆ ಕೂತ್ಕೊಳ್ಳಿ." ಒಳ್ಳೆಯ ಹುಡುಗ, ಅವನ ಮೇಲೆ ಬೇಜಾರೇನಿಲ್ಲ. ಆದರೆ ನನಗೆ ಅರವತ್ತೇಳು. ಪ್ಲಾಸ್ಟಿಕ್ ಕುರ್ಚಿ ಎತ್ತುವಷ್ಟು ಶಕ್ತಿ ಇದೆ.

ಸಂಘದವರು "ವಯಸ್ಸಾಗುವುದರ ಮಾನಸಿಕ ಮತ್ತು ಸಾಮಾಜಿಕ ಮುಖಗಳು" ಅಂತ ವಿಷಯ ಕೊಟ್ಟಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು, ನಾಲ್ಕು ಹಾಳೆ ಬರೆದುಕೊಂಡೇ ಬಂದಿದ್ದೆ. ಈಗ ಅದನ್ನು ಬದಿಗಿಟ್ಟು ಆ ಹುಡುಗನ ಮೂರು ಪದಗಳ ಸುತ್ತ ಮಾತಾಡೋಣ ಅನ್ನಿಸುತ್ತಿದೆ. ನೀವು, ಸುಮ್ನೆ, ಕೂತ್ಕೊಳ್ಳಿ.

ಮೊದಲು ನಡುವಯಸ್ಸಿನವರ ವಿಷಯ. ಅಪ್ಪ ಅಮ್ಮನನ್ನು ಸ್ಕೂಟರಿನಲ್ಲಿ ಕರೆತಂದು, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತವರು ಕೆಲವರಿದ್ದೀರಿ. ನಿಮಗೂ ಇದು ಸೇರಿದೆ.

"ಮಿಡ್‌ಲೈಫ್ ಕ್ರೈಸಿಸ್" ಅನ್ನುವ ಮಾತು ಕೇಳಿರುತ್ತೀರಿ. ಅದನ್ನು 1965ರಲ್ಲಿ ಚಲಾವಣೆಗೆ ತಂದವರು ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು. ಅವರು ನೋಡಿದ್ದು ಬಹುಪಾಲು ಕಲಾವಿದರ ಬದುಕನ್ನು. ಸಾವು ದೂರದಲ್ಲೆಲ್ಲೋ ಕಾಣತೊಡಗಿದಾಗ ಮನಸ್ಸು ಅಲುಗಾಡುತ್ತದೆ ಅಂದರು. ಆಮೇಲೆ ಅಮೆರಿಕದಲ್ಲೇ ಸಾವಿರಾರು ಜನರನ್ನು ಕೇಳಿ ನೋಡಿದಾಗ, ಹೆಚ್ಚಿನವರಿಗೆ ಅಂಥ ದೊಡ್ಡ ಬಿಕ್ಕಟ್ಟೇನೂ ಬಂದಿರಲಿಲ್ಲ. ನಮ್ಮಲ್ಲಂತೂ ನಲವತ್ತೆಂಟರ ಹೆಂಗಸಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಮಗಳ ಸಿಇಟಿ, ಅತ್ತೆಯ ಸಕ್ಕರೆ ಕಾಯಿಲೆ, ಗಂಡನ ಬಿಪಿ, ಮನೆ ಸಾಲದ ಕಂತು. ಅದರ ನಡುವೆ ಅವಳದೇ ಮುಟ್ಟು ನಿಲ್ಲುವ ಕಾಲ. ರಾತ್ರಿ ಮೈಯೆಲ್ಲ ಬೆವರು, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು. ಮನೆಯವರ ಬಾಯಲ್ಲಿ ಇದಕ್ಕೆಲ್ಲ ಒಂದೇ ಹೆಸರು: "ಇತ್ತೀಚೆಗೆ ಯಾಕೋ ಸಿಡಿಸಿಡಿ ಅಂತಾಳೆ."

ಎರಿಕ್ ಎರಿಕ್ಸನ್ ಎಂಬ ಮನೋವಿಶ್ಲೇಷಕರು ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ನೋಡಿದರು. ನಡುವಯಸ್ಸಿನ ಹಂತದ ಪ್ರಶ್ನೆ ಇಷ್ಟೆ: ನನ್ನಿಂದ ಮುಂದಿನವರಿಗೆ ಏನಾದರೂ ಸಿಗುತ್ತಿದೆಯಾ, ಇಲ್ಲ ನಾನು ನಿಂತ ನೀರಾಗಿದ್ದೇನಾ? ಕೊನೆಯ ಹಂತದ್ದು: ನನ್ನ ಬದುಕು ಇದ್ದ ಹಾಗೆ ನನಗೆ ಒಪ್ಪಿಗೆಯಾ, ಇಲ್ಲ ಬರೀ ಹಳಹಳಿಯಾ? ಪರೀಕ್ಷೆಗೆ ಇದನ್ನು ಎರಡು ಬೇರೆ ಬೇರೆ ಪ್ರಶ್ನೆ ಅಂತಲೇ ಬರೆಸುತ್ತಿದ್ದೆ. ಈಗ ನನಗೆ ಹಾಗೆ ಕಾಣುವುದಿಲ್ಲ. ಎಪ್ಪತ್ತರವರಿಗೂ ಮೊದಲಿನ ಪ್ರಶ್ನೆ ಮುಗಿದಿರುವುದಿಲ್ಲ. ಕೊಡುವ ಆಸೆ ಇರುತ್ತದೆ, ತೆಗೆದುಕೊಳ್ಳುವವರು ಇರುವುದಿಲ್ಲ ಅಷ್ಟೆ. ನಲವತ್ತೆಂಟರಲ್ಲಿ ಎಲ್ಲರಿಗೂ ನಾವೇ ಬೇಕು, ಉಸಿರಾಡುವುದಕ್ಕೂ ಬಿಡುವಿಲ್ಲ. ಅರವತ್ತೆಂಟರಲ್ಲಿ ಬರೀ ಬಿಡುವು. ಈ ಎರಡರ ನಡುವೆ ಒಂದು ಇಳಿಜಾರು ಇರಬೇಕಿತ್ತು. ನಮ್ಮ ನೌಕರಿಯ ಲೋಕದಲ್ಲಿ ಅಲ್ಲಿರುವುದು ಪ್ರಪಾತ.

ಆ ಪ್ರಪಾತಕ್ಕೆ ತಾರೀಖೂ ಗೊತ್ತಿರುತ್ತದೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ. ಹಾರ, ಶಾಲು, ಹಣ್ಣಿನ ಬುಟ್ಟಿ, ಗುಂಪು ಫೋಟೋ. ಮಾರನೇ ದಿನ ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರ ಆಗುತ್ತದೆ. ಸ್ನಾನ ಆಗುತ್ತದೆ. ಆಮೇಲೆ? ನಮ್ಮ ತಂದೆ ಪೋಸ್ಟ್ ಮಾಸ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ತಿಂಗಳುಗಟ್ಟಲೆ, ಮನೆಗೆ ಬಂದ ಕಾಗದಗಳನ್ನೆಲ್ಲ ಊರಿನ ಪ್ರಕಾರ ಜೋಡಿಸಿ ದಾರ ಕಟ್ಟಿ ಇಡುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಹೋಮ್ಸ್ ಮತ್ತು ರಾಹೆ ಅಂತ ಇಬ್ಬರು 1967ರಲ್ಲಿ ಬದುಕಿನ ಏರುಪೇರುಗಳಿಗೆ ಅಂಕ ಹಾಕಿದರು, ಯಾವುದು ಮನುಷ್ಯನನ್ನು ಎಷ್ಟು ಅಲ್ಲಾಡಿಸುತ್ತದೆ ಅಂತ. ಗಂಡ ಅಥವಾ ಹೆಂಡತಿಯ ಸಾವಿಗೆ 100. ಮದುವೆಗೆ 50. ನಿವೃತ್ತಿಗೆ 45. ಮದುವೆಗೂ ನಿವೃತ್ತಿಗೂ ಐದೇ ಅಂಕದ ವ್ಯತ್ಯಾಸ, ನೋಡಿ. ಮದುವೆಗೆ ಆರು ತಿಂಗಳು ತಯಾರಿ ಮಾಡುತ್ತೇವೆ. ನಿವೃತ್ತಿಗೆ ತಯಾರಿ ಅಂದರೆ ಪಿಂಚಣಿ ಕಾಗದಪತ್ರ ಮಾತ್ರ. ಅದಾದ ಮೇಲೆ ವರ್ಷಕ್ಕೊಂದು ಸಲ, ನವೆಂಬರಿನಲ್ಲಿ, ಸರ್ಕಾರ ನಮ್ಮನ್ನು ನೆನೆಸಿಕೊಂಡು ಒಂದೇ ಪ್ರಶ್ನೆ ಕೇಳುತ್ತದೆ: "ಬದುಕಿದ್ದೀರಾ?" ಮೊದಲು ಅದಕ್ಕೆ ಬ್ಯಾಂಕಿಗಾದರೂ ಹೋಗುತ್ತಿದ್ದೆವು, ನಾಲ್ಕು ಜನ ಹಳಬರು ಸಿಗುತ್ತಿದ್ದರು. ಈಗ ಮೊಬೈಲಿಗೆ ಮುಖ ತೋರಿಸಿದರೂ ಆಯಿತು.

ವಯಸ್ಸಾದವರು ಸಮಾಜದಿಂದ ಹಿಂದೆ ಸರಿಯುವುದು, ಸಮಾಜ ಅವರಿಂದ ಹಿಂದೆ ಸರಿಯುವುದು ಎರಡೂ ಸಹಜ, ಇಬ್ಬರಿಗೂ ಒಳ್ಳೆಯದು ಅಂತ 1961ರಲ್ಲಿ ಕಮಿಂಗ್ ಮತ್ತು ಹೆನ್ರಿ ಎಂಬ ಸಂಶೋಧಕರು ವಾದಿಸಿದ್ದರು. ಕೂಡಲೇ ಜಗಳ ಶುರುವಾಯಿತು, ಇವತ್ತು ಆ ವಾದವನ್ನು ಹಾಗೇ ಒಪ್ಪುವವರು ಕಡಿಮೆ. ನಮ್ಮಲ್ಲಿ ಕೆಲವರು "ಇದು ನಮ್ಮ ವಾನಪ್ರಸ್ಥ ಅಲ್ವಾ" ಅನ್ನುತ್ತಾರೆ. ಅಲ್ಲ. ವಾನಪ್ರಸ್ಥಕ್ಕೆ ಹೋಗುವವನು ತಾನೇ ಎದ್ದು ಹೊರಡುತ್ತಾನೆ. ಮೂಲೆಯ ಕುರ್ಚಿ ತೋರಿಸಿ ಕೂರಿಸುವುದನ್ನು ಯಾವ ಶಾಸ್ತ್ರವೂ ವಾನಪ್ರಸ್ಥ ಅಂದಿಲ್ಲ.

ಈಗ ನಾನು ತರಗತಿಯಲ್ಲಿ ತುಂಬಾ ಖುಷಿಯಿಂದ ಹೇಳುತ್ತಿದ್ದ ಒಂದು ಪ್ರಯೋಗ. 1976ರಲ್ಲಿ ಪ್ರಕಟವಾದದ್ದು. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಒಂದು ವೃದ್ಧರ ಆರೈಕೆ ಮನೆಗೆ ಹೋದರು. ಒಂದು ಮಹಡಿಯವರಿಗೆ, "ನಿಮ್ಮ ಕೋಣೆ ಹೇಗಿರಬೇಕು ಅಂತ ನೀವೇ ನಿರ್ಧರಿಸಿ, ಇಷ್ಟವಾದ ಗಿಡ ಆರಿಸಿಕೊಳ್ಳಿ, ನೀರು ಹಾಕುವ ಜವಾಬ್ದಾರಿ ನಿಮ್ಮದು" ಅಂತ ಹೇಳಿಸಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು. ಆದರೆ "ನೀರು ನರ್ಸ್ ಹಾಕುತ್ತಾರೆ, ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಕೆಲಸ" ಅಂದರು. ಎರಡೂ ಒಳ್ಳೆಯ ಮಾತೇ. ಮೂರು ವಾರಕ್ಕೆ ಮೊದಲ ಮಹಡಿಯವರು ಜಾಸ್ತಿ ಚುರುಕಾಗಿದ್ದರು, ಜಾಸ್ತಿ ಖುಷಿಯಾಗಿದ್ದರು. ಅವರು ಆಯಸ್ಸಿನಲ್ಲೂ ಮುಂದಿದ್ದರು ಅಂತ ಆಮೇಲೆ ಬಂದ ಲೆಕ್ಕಾಚಾರಕ್ಕೆ ತಕರಾರು ಎದ್ದಿದೆ, ಅದನ್ನು ಬಿಡೋಣ. ಖುಷಿ ಸಾಕು.

ಇದನ್ನು ಕಪ್ಪು ಹಲಗೆಯ ಮೇಲೆ ಬರೆದು, ಮಕ್ಕಳಿಂದ ಬರೆಸಿ, ಮನೆಗೆ ಬಂದು ನಾನು ಮಾಡಿದ್ದೇನು?

ನಮ್ಮತ್ತೆಗೆ ಆಗ ಎಪ್ಪತ್ತೆಂಟು. ಬೆಳಿಗ್ಗೆ ಈಳಿಗೆ ಮಣೆ ಹಾಕಿಕೊಂಡು ಮನೆಗೆ ಬೇಕಾದ ತರಕಾರಿ ಪೂರ್ತಿ ಅವರೇ ಹೆಚ್ಚುತ್ತಿದ್ದರು. ಒಂದು ದಿನ ಬೆರಳು ಕೊಯ್ದುಕೊಂಡರು, ಎರಡು ಹೊಲಿಗೆ ಬಿತ್ತು. ನಾನು ಈಳಿಗೆ ಮಣೆಯನ್ನು ಅಟ್ಟಕ್ಕೆ ಹಾಕಿ, "ಅತ್ತೆ, ಇಷ್ಟು ದಿನ ಮಾಡಿದ್ದು ಸಾಕು, ನೀವಿನ್ನು ಸುಮ್ನೆ ಕೂತ್ಕೊಳ್ಳಿ" ಅಂದೆ. ಪ್ರೀತಿಯಿಂದಲೇ ಅಂದೆ. ಅವರು ಕೂತರು. ಹೇಗೆ ಕೂತರು ಅಂದರೆ, ನಾಲ್ಕೈದು ತಿಂಗಳಲ್ಲಿ ಬೆಳಗಿನ ಸ್ನಾನ ಮಧ್ಯಾಹ್ನಕ್ಕೆ ಹೋಯಿತು. ಊಟ ಸೇರುತ್ತಿರಲಿಲ್ಲ. ಮೈಕೈ ನೋವು, ತಲೆ ಭಾರ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿ ಇತ್ತು. ವಯಸ್ಸಾದವರ ಖಿನ್ನತೆ ಎಷ್ಟೋ ಸಲ "ಬೇಜಾರು" ಅಂತ ಹೇಳಿಕೊಳ್ಳುವುದಿಲ್ಲ, ಮಂಡಿ ನೋವು, ಮಲಬದ್ಧತೆ ಅಂತ ಹೇಳಿಕೊಳ್ಳುತ್ತದೆ. ಇದೂ ನನ್ನ ಪಾಠದಲ್ಲೇ ಇತ್ತು.

ಡಿಸೆಂಬರ್ ಬಂತು, ಅವರೆಕಾಯಿ ಕಾಲ. ನನಗೆ ಪರೀಕ್ಷೆ ಡ್ಯೂಟಿ. ನೆನೆಸಿಟ್ಟ ಕಾಳಿನ ಪಾತ್ರೆ ಅವರ ಮುಂದಿಟ್ಟು, "ಅತ್ತೆ, ಹೊತ್ತಾಯ್ತು, ಇದೊಂದು ಹಿತಕಿ ಕೊಡ್ತೀರಾ?" ಅಂದು ಓಡಿದೆ. ಯೋಚನೆ ಮಾಡಿ ಹೇಳಿದ್ದಲ್ಲ, ಗತಿ ಇಲ್ಲದೆ ಹೇಳಿದ್ದು. ಸಂಜೆ ಬಂದರೆ ಕಾಳು ಹಿತಕಿ ಆಗಿತ್ತು, ಪಕ್ಕದ ಮನೆಯಾಕೆಯೂ ಜೊತೆಗೆ ಕೂತಿದ್ದರು. ನನ್ನನ್ನು ನೋಡಿ ಅತ್ತೆ ಬೈದರು. "ಏನೇ ಇದು ಅವರೆಕಾಯಿ, ಸೊಗಡೇ ಇಲ್ಲ. ಯಾರು ತಂದಿದ್ದು? ನಾಳೆ ನನ್ನನ್ನ ಕರ್ಕೊಂಡು ಹೋಗು." ಐದು ತಿಂಗಳಾದ ಮೇಲೆ ಬೈಗುಳ ಕೇಳಿದ್ದೆ. ನನಗೆ ಅಡುಗೆಮನೆಗೆ ಹೋಗಿ ಅಳು ಬಂತು.

ಈಳಿಗೆ ಮಣೆ ಅಟ್ಟದಿಂದ ಇಳಿಯಲಿಲ್ಲ, ಅವರ ಕಣ್ಣಿಗೆ ಅದು ಆಗುವಂಥದ್ದೂ ಅಲ್ಲ. ಆದರೆ ಕಾಳು ಹಿತಕುವುದಕ್ಕೆ ಕಣ್ಣು ಯಾಕೆ ಬೇಕು? ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಬಾಲ್ಟೆಸ್ ಇದನ್ನೇ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಟ್ಟು ಹೇಳುತ್ತಿದ್ದರು. ಎಂಬತ್ತರ ಮೇಲೂ ಅಷ್ಟು ಚೆನ್ನಾಗಿ ಹೇಗೆ ನುಡಿಸುತ್ತೀರಿ ಅಂತ ಅವರನ್ನು ಕೇಳಿದರು. ಕಡಿಮೆ ಕೃತಿ ಆರಿಸಿಕೊಳ್ಳುತ್ತೇನೆ, ಅವನ್ನೇ ಜಾಸ್ತಿ ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮುಂಚೆ ಸ್ವಲ್ಪ ನಿಧಾನ ಮಾಡುತ್ತೇನೆ, ಆಗ ಕೇಳುವವರಿಗೆ ಅದು ವೇಗವಾಗೇ ಕಾಣುತ್ತದೆ ಅಂದರಂತೆ. ಕೈ ನಿಧಾನವಾಯಿತು ಅಂತ ಅವರ ಪಿಯಾನೋವನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲ.

"ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಮಾಡಿ ಇಟ್ಟಿದ್ದೇವಲ್ಲ, ಅದರ ಬಗ್ಗೆ ನನಗೆ ಸಿಟ್ಟಿದೆ. ನಿಜ ಏನೆಂದರೆ, ಹೊಸ ಲೆಕ್ಕವನ್ನು ಥಟ್ಟನೆ ಬಿಡಿಸುವ ಚುರುಕು ವಯಸ್ಸಿನ ಜೊತೆ ಇಳಿಯುತ್ತದೆ. ಆದರೆ ಪದಸಂಪತ್ತು, ಅನುಭವದ ತಿಳಿವಳಿಕೆ ತುಂಬಾ ವರ್ಷ ಗಟ್ಟಿಯಾಗೇ ಇರುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ 1956ರಲ್ಲಿ ಶುರು ಮಾಡಿದ ಅಧ್ಯಯನ ದಶಕಗಟ್ಟಲೆ ಜನರ ಬೆನ್ನು ಹತ್ತಿ ಇದನ್ನೇ ತೋರಿಸಿತು. ಇಲ್ಲೇ ನೋಡಿ, 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆ ಚುನಾವಣೆಗೆ ನಿಂತರು. ಸೋತರು, ಆ ಮಾತು ಬೇರೆ. ಎಂಬತ್ತೇಳರಲ್ಲಿ ಅವರಿಗೆ "ಸುಮ್ನೆ ಕೂತ್ಕೊಳ್ಳಿ" ಅನ್ನುವ ಧೈರ್ಯ ಯಾರಿಗಿತ್ತು?

ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸಿನ ಸಹಜ ಮರೆವು. ಬೀಗದ ಕೈ ಹಿಡಿದುಕೊಂಡು ಇದು ಏನಕ್ಕೆ ಅಂತ ಯೋಚಿಸುವ ಹಾಗಾದರೆ, ದಿನಾ ಹೋಗುವ ದಾರಿ ತಪ್ಪಿದರೆ, ಅದು ಡಿಮೆನ್ಷಿಯಾ ಇರಬಹುದು. ಅದು ಕಾಯಿಲೆ. "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ, ತೋರಿಸಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕಿವಿ ಮಂದವಾಗುವುದಕ್ಕೂ ಡಿಮೆನ್ಷಿಯಾಕ್ಕೂ ಸಂಬಂಧ ಇದೆ ಅಂತ ಈಗ ಗೊತ್ತಾಗಿದೆ. ಕೇಳಿಸದವರು ಮೆಲ್ಲಗೆ ಮಾತಿನಿಂದ ದೂರ ಸರಿಯುತ್ತಾರೆ, ಮನೆಯವರು ಅದನ್ನು ಮುನಿಸು ಅಂದುಕೊಳ್ಳುತ್ತಾರೆ. ಕನ್ನಡಕ ಹಾಕಿಕೊಳ್ಳಲು ನಾಚಿಕೆ ಇಲ್ಲ, ಕಿವಿಯ ಯಂತ್ರಕ್ಕೆ ಯಾಕೋ ನಾಚಿಕೆ. ನಾನೂ ಎರಡು ವರ್ಷದಿಂದ ಮುಂದೂಡುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸ್ನೇಹಿತರು ಕಡಿಮೆಯಾದರು ಅಂತ ಕೊರಗುವವರಿಗೆ ಒಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಕಂಡುಕೊಂಡ ಪ್ರಕಾರ, ಉಳಿದಿರುವ ಕಾಲ ಕಡಿಮೆ ಅನ್ನಿಸಿದಾಗ ಮನುಷ್ಯರು ತಾವಾಗಿಯೇ ಬಳಗ ಚಿಕ್ಕದು ಮಾಡಿಕೊಳ್ಳುತ್ತಾರೆ. ಬೇಕಾದ ನಾಲ್ಕು ಜನ ಸಾಕು ಅನ್ನಿಸುತ್ತದೆ. ಅದು ಒಂಟಿತನವಲ್ಲ. ಆ ನಾಲ್ಕು ಜನರೇ ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾಗ ಒಂಟಿತನ ಬರುತ್ತದೆ. ಭಾನುವಾರದ ವಿಡಿಯೋ ಕಾಲ್ ನೆನೆಸಿಕೊಳ್ಳಿ. "ಊಟ ಆಯ್ತಾ? ಮಾತ್ರೆ ತಗೊಂಡ್ರಾ? ವಾಕಿಂಗ್ ಹೋಗಿದ್ರಾ?" ಮೂರೂ ನರ್ಸ್ ಕೇಳುವ ಪ್ರಶ್ನೆಗಳು. ಹಿಂದಿನ ಸಾಲಿನವರಿಗೆ ಹೇಳುತ್ತಿದ್ದೇನೆ, ಮುಂದಿನ ಸಲ ಫೋನ್ ಮಾಡಿದಾಗ ಏನಾದರೂ ಕೇಳಿಕೊಳ್ಳಿ. ಗೊಜ್ಜಿಗೆ ಹುಣಸೆಹಣ್ಣು ಎಷ್ಟು ಅಂತ ಕೇಳಿ. ಸೈಟ್ ನೋಡಿದ್ದೇನೆ, ಕಾಗದ ಸರಿ ಇದೆಯಾ ನೋಡಿ ಅಂತ ಕಳಿಸಿ. ನಿಜವಾಗಲೂ ಬೇಕಿದ್ದರೆ ಮಾತ್ರ ಕೇಳಿ. ನಾಟಕ ಮಾಡಿದರೆ ನಮಗೆ ಗೊತ್ತಾಗುತ್ತದೆ.

ಹೆಂಗಸರ ವಿಷಯ ಒಂಚೂರು ಬೇರೆ. ಅಡುಗೆಮನೆಗೆ ನಿವೃತ್ತಿ ಇಲ್ಲದ ಕಾರಣ ನಾವು ಆ ಪ್ರಪಾತದಿಂದ ಬಚಾವು ಅಂತ ಕೆಲವರು ತಮಾಷೆ ಮಾಡುತ್ತಾರೆ. ಆದರೆ 2011ರ ಜನಗಣತಿಯಲ್ಲಿ ದೇಶದ ಅರವತ್ತು ದಾಟಿದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಗಂಡನನ್ನು ಕಳೆದುಕೊಂಡವರು. ಗಂಡಸರಲ್ಲಿ ಹೆಂಡತಿ ತೀರಿಕೊಂಡವರು ಅದಕ್ಕಿಂತ ಎಷ್ಟೋ ಕಡಿಮೆ. ಗಂಡನನ್ನು ಕಳೆದುಕೊಂಡ ಈ ಹೆಂಗಸರಲ್ಲಿ ತುಂಬಾ ಜನರಿಗೆ ಪಿಂಚಣಿ ಇಲ್ಲ, ಮನೆ ಹೆಸರಲ್ಲಿಲ್ಲ, ಅಡುಗೆಮನೆಯೂ ಸೊಸೆಯದಾಗಿರುತ್ತದೆ. ಅರಿಶಿನ ಕುಂಕುಮಕ್ಕೆ ಕರೆಯುವುದನ್ನೂ ಬಿಡುತ್ತೇವೆ. ಆ ಕೊನೆಯದನ್ನು ಸರಿಮಾಡಲು ಕಾನೂನು ಬೇಕಿಲ್ಲ, ಇಲ್ಲಿರುವ ಹೆಂಗಸರು ಈ ಶ್ರಾವಣದಲ್ಲೇ ಮಾಡಬಹುದು.

ಕಾನೂನಿನ ಮಾತು ಬಂತಲ್ಲ, ಒಂದೇ ವಿಷಯ ಹೇಳುತ್ತೇನೆ. ಹಿರಿಯ ನಾಗರಿಕರ ರಕ್ಷಣೆಗೆ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಬಹುದು. ಅದರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಾತು ತಪ್ಪಿದರೆ ವಾಪಸ್ ಪಡೆಯುವ ದಾರಿ ಇದೆ. ಆದ್ದರಿಂದ ದಾನಪತ್ರ ಮಾಡುವವರು ಆ ಷರತ್ತನ್ನು ಪತ್ರದಲ್ಲೇ ಬರೆಸಿ. "ನಮ್ಮ ಹುಡುಗ ಹಾಗಲ್ಲ" ಅಂದುಕೊಂಡೂ ಬರೆಸಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ, ಮೊಬೈಲಿನಲ್ಲಲ್ಲ. ಬೇಕಾದಾಗ ಮೊಬೈಲ್ ಸಿಗುವುದಿಲ್ಲ.

ನಮ್ಮತ್ತೆ ಆಮೇಲೆ ಆರು ವರ್ಷ ಇದ್ದರು. ಆರು ಅವರೆಕಾಯಿ ಕಾಲ. ಕೊನೆಯ ವರ್ಷ ಕೈ ನಡುಗಿ ಕಾಳೆಲ್ಲ ಚೆಲ್ಲಾಡುತ್ತಿತ್ತು, ಅರ್ಧ ಪಾತ್ರೆಗೆ ಮೂರು ಗಂಟೆ ಬೇಕಾಗುತ್ತಿತ್ತು. ಆ ಚಳಿಗಾಲವೆಲ್ಲ ನಮ್ಮ ಮನೆಯ ರಾತ್ರಿ ಊಟ ತಡವಾಗೇ ಆಗುತ್ತಿತ್ತು.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ. ಎಡಗಡೆಯವರು ಮೆಲ್ಲಗೆ ಕೇಳಿದರೂ ಆದೀತು, ಬಲಗಡೆಯವರು ಮಾತ್ರ ಸ್ವಲ್ಪ ಜೋರಾಗಿ.